ಮಕ್ಕಳ ಮೊಸರಿನ ಕಪ್: ದುಡ್ಡೂ ಉಳಿಸಿ, ಸಕ್ಕರೆಯೂ ಇಳಿಸಿ

ಅಂಗಡಿಯ ಗಾಜಿನ ಫ್ರಿಜ್ ಮುಂದೆ ಬಂದರೆ ಮಕ್ಕಳ ಕಾಲು ಅಲ್ಲೇ ನಿಂತುಬಿಡುತ್ತದೆ. ಸ್ಟ್ರಾಬೆರಿ ಮೊಸರು, ಮಾವಿನ ಮೊಸರು, ಚಾಕಲೇಟ್ ಪುಡ್ಡಿಂಗ್, ಕಾರ್ಟೂನ್ ಚಿತ್ರದ ಪುಟ್ಟ ಪುಟ್ಟ ಕಪ್‌ಗಳು. ಚಿಪ್ಸ್ ಬೇಡ ಎನ್ನುವ ಪೋಷಕರೂ ಇದಕ್ಕೆ ಒಪ್ಪಿಬಿಡುತ್ತಾರೆ. ಹೇಗೂ ಹಾಲಿನದ್ದಲ್ಲವೇ, ಹೊಟ್ಟೆಗೆ ಒಳ್ಳೆಯದು ಎಂಬ ಸಮಾಧಾನ. ಆದರೆ ನಾವು ಕೊಡುವ ಹಣದಲ್ಲಿ ಹಾಲಿಗೆ ಎಷ್ಟು, ಸಕ್ಕರೆಗೆ, ಬಣ್ಣಕ್ಕೆ, ಡಬ್ಬಕ್ಕೆ ಎಷ್ಟು ಎಂದು ಲೆಕ್ಕ ಹಾಕಿದವರು ಕಡಿಮೆ. ಈ ತಿಂಗಳು ಆ ಲೆಕ್ಕ ಹಾಕೋಣ.

ಬೆಲೆಯ ಲೆಕ್ಕ

ಕಪ್‌ನ ಬೆಲೆಯ ಜೊತೆಗೆ ಅದರ ತೂಕವನ್ನೂ ನೋಡಿ. ಎಷ್ಟೋ ಕಪ್‌ಗಳಲ್ಲಿ 80ರಿಂದ 100 ಗ್ರಾಂ ಮಾತ್ರ ಇರುತ್ತದೆ. ಒಂದು ಲೀಟರ್ ಹಾಲಿಗೆ ಹೆಪ್ಪು ಹಾಕಿದರೆ ಸುಮಾರು ಒಂದು ಕಿಲೋ ಮೊಸರಾಗುತ್ತದೆ. 80 ಗ್ರಾಂ ಲೆಕ್ಕದಲ್ಲಿ ಅದು 12 ಕಪ್. ಹಾಲಿಗೆ ಲೀಟರಿಗೆ 50 ರೂಪಾಯಿ ಎಂದಿಟ್ಟುಕೊಂಡರೆ ಒಂದು ಕಪ್‌ಗೆ ತಗಲುವುದು ನಾಲ್ಕು ರೂಪಾಯಿಗಿಂತ ಸ್ವಲ್ಪ ಹೆಚ್ಚು. ಅರ್ಧ ಬಾಳೆಹಣ್ಣು, ಒಂದೆರಡು ಖರ್ಜೂರ ಸೇರಿಸಿ, ನಿಮ್ಮೂರಿನ ಅಂಗಡಿಯ ದರದ ಪಕ್ಕದಲ್ಲಿಟ್ಟು ನೋಡಿ. ಕಪ್ ಒಂದಕ್ಕೆ 10 ರೂಪಾಯಿ ಉಳಿದರೂ, ದಿನಕ್ಕೆ ಎರಡು ಕಪ್ ಖರ್ಚಾಗುವ ಮನೆಯಲ್ಲಿ ತಿಂಗಳಿಗೆ 600 ರೂಪಾಯಿ ಕೈಯಲ್ಲಿ ಉಳಿಯುತ್ತದೆ.

ಸಕ್ಕರೆಯ ಲೆಕ್ಕ

ಪ್ಯಾಕೆಟ್ ಹಿಂಭಾಗದ ಪಟ್ಟಿಯಲ್ಲಿ ಪದಾರ್ಥಗಳನ್ನು ತೂಕದ ಕ್ರಮದಲ್ಲಿ ಬರೆದಿರುತ್ತಾರೆ. ಹೆಚ್ಚು ಇರುವುದು ಮೊದಲು. ಹಾಲಿನ ನಂತರ ಎರಡನೆಯ ಹೆಸರೇ ಸಕ್ಕರೆಯಾಗಿದ್ದರೆ, ಹಣ್ಣಿನ ಹೆಸರು ಕೊನೆಯಲ್ಲೆಲ್ಲೋ ಇದ್ದರೆ ಅಥವಾ ಬರೀ ಪರಿಮಳದ ಹೆಸರಿದ್ದರೆ, ನೀವು ಕೊಳ್ಳುತ್ತಿರುವುದು ಸಿಹಿತಿಂಡಿ ಎಂದು ತಿಳಿಯಿರಿ.

ಅದರ ಕೆಳಗೆ 'ಸೇರಿಸಿದ ಸಕ್ಕರೆ' ಎಷ್ಟೆಂದು ನಮೂದಿಸಿರುತ್ತಾರೆ. 100 ಗ್ರಾಂನಲ್ಲಿ 12 ಗ್ರಾಂ ಎಂದಿದ್ದರೆ 80 ಗ್ರಾಂ ಕಪ್‌ನಲ್ಲಿ ಸುಮಾರು 10 ಗ್ರಾಂ, ಅಂದರೆ ಎರಡು ಚಹಾ ಚಮಚ. ಸೇರಿಸಿದ ಸಕ್ಕರೆ, ಜೇನು, ಜ್ಯೂಸ್‌ಗಳ ಸಿಹಿಯೆಲ್ಲ ಒಟ್ಟಾಗಿ ದಿನದ ಕ್ಯಾಲೊರಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ನೀಡಿದೆ. ದಿನಕ್ಕೆ 1300 ಕ್ಯಾಲೊರಿ ಬೇಕಾದ ಪುಟ್ಟ ಮಗುವಿಗೆ ಶೇ. 5 ಎಂದರೆ ಸುಮಾರು 16 ಗ್ರಾಂ. ಅಂಥ ಎರಡು ಕಪ್ ತಿಂದರೆ ಆ ಮಿತಿ ದಾಟಿತು. ಬಿಸ್ಕತ್ತು, ಚಹಾ, ಮದುವೆ ಮನೆಯ ಸಿಹಿ ಇನ್ನೂ ಬಾಕಿ ಇದೆ. ಹುಳುಕು ಹಲ್ಲಿನ ಚಿಕಿತ್ಸೆಗೆ ಆಗುವ ಖರ್ಚನ್ನೂ ಈ ಲೆಕ್ಕಕ್ಕೆ ಸೇರಿಸಿ.

ಹಲಾಲ್ ವಿಚಾರ

ಗಲ್ಫ್‌ನಿಂದ, ವಿದೇಶದಿಂದ ಬರುವ ಪುಡ್ಡಿಂಗ್, ಮೂಸ್, ಜೆಲ್ಲಿಗಳಲ್ಲಿ ಮಾತ್ರವಲ್ಲ, ಕೆಲವು ಬಗೆಯ ಮೊಸರಿನಲ್ಲೂ ಗಟ್ಟಿಗಾಗಿ ಜೆಲಟಿನ್ ಹಾಕಿರುತ್ತಾರೆ. ಇದು ಪ್ರಾಣಿಗಳ ಚರ್ಮ, ಮೂಳೆಗಳಿಂದ ತಯಾರಾಗುವ ವಸ್ತು. ಯಾವ ಪ್ರಾಣಿ ಎಂಬುದು ಪಟ್ಟಿಯಲ್ಲಿ ಇಲ್ಲದಿದ್ದರೆ, ಹಲಾಲ್ ಪ್ರಮಾಣಪತ್ರದ ಗುರುತೂ ಕಾಣದಿದ್ದರೆ ಬಿಟ್ಟುಬಿಡುವುದು ಲೇಸು. ಪೆಕ್ಟಿನ್ ಹಣ್ಣಿನಿಂದಲೂ ಅಗರ್ ಕಡಲ ಪಾಚಿಯಿಂದಲೂ ಬರುವುದರಿಂದ ಅವುಗಳ ಬಗ್ಗೆ ಆ ಆತಂಕವಿಲ್ಲ. ಇಫ್ತಾರ್‌ಗೆ ನಾವು ಮಾಡುವ ಚೈನಾ ಗ್ರಾಸ್ ಇದೇ ಅಗರ್. ಮನೆಯಲ್ಲೇ ಮಾಡಿದರೆ ಪಟ್ಟಿ ಓದುವ ಚಿಂತೆಯೇ ಇರುವುದಿಲ್ಲ.

ಗಟ್ಟಿ ಮೊಸರು ಬರಬೇಕಾದರೆ

ಅಂಗಡಿಯ ಮೊಸರಿನಷ್ಟು ಗಟ್ಟಿ ಇಲ್ಲ ಎಂದು ಮಕ್ಕಳು ಮನೆಯ ಮೊಸರನ್ನು ದೂರುವುದುಂಟು. ಅದಕ್ಕೆ ದುಬಾರಿ ಹಾಲು ಬೇಕಿಲ್ಲ. ಹಾಲು ಉಕ್ಕಿದ ಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ನೀರಿನ ಅಂಶ ಸ್ವಲ್ಪ ಆರಿ ಮೊಸರು ಬಿಗಿಯಾಗುತ್ತದೆ. ಬೆರಳಿಗೆ ಹಿತವಾಗುವಷ್ಟು, ಅಂದರೆ ಸುಮಾರು 40 ಡಿಗ್ರಿಗೆ ತಣಿದ ಮೇಲೆ ಅರ್ಧ ಲೀಟರಿಗೆ ಒಂದು ಚಹಾ ಚಮಚ ತಾಜಾ ಮೊಸರನ್ನು ಹೆಪ್ಪು ಹಾಕಿ. ತೀರಾ ಬಿಸಿ ಇದ್ದರೆ ಹೆಪ್ಪಿನ ಬ್ಯಾಕ್ಟೀರಿಯಾ ಸಾಯುತ್ತದೆ, ತೀರಾ ತಣ್ಣಗಿದ್ದರೆ ಮೊಸರು ಕೂರುವುದಿಲ್ಲ. ಹೆಪ್ಪು ಹಾಕಿದ ಹಾಲನ್ನು ಆಗಲೇ ಪುಟ್ಟ ಸ್ಟೀಲ್ ಬಟ್ಟಲುಗಳಿಗೆ ಸುರಿದಿಡಿ. ಕಲಕದೆ ಬಟ್ಟಲಲ್ಲೇ ಕೂತ ಮೊಸರು ಅಲುಗಾಡದೆ ನಿಲ್ಲುತ್ತದೆ, ಮಗುವಿಗೂ ಇದು ತನ್ನದೇ ಕಪ್ ಎನಿಸುತ್ತದೆ. ಹುಳಿಯಾಗುವ ಮೊದಲೇ ಫ್ರಿಜ್‌ಗೆ ಸೇರಿಸಿ.

ಇನ್ನೂ ಕೆನೆಯಂತಹ ಮೊಸರು ಬೇಕೆಂದರೆ ಕುದಿಸಿ ತೊಳೆದ ತೆಳು ಹತ್ತಿ ಬಟ್ಟೆಯಲ್ಲಿ ಸುರಿದು ಫ್ರಿಜ್‌ನಲ್ಲೇ ಮೂರು ಗಂಟೆ ಸೋಸಿ. ಸೋರಿದ ನೀರನ್ನು ಚೆಲ್ಲಬೇಡಿ. ಚಪಾತಿ ಹಿಟ್ಟು ಕಲಸಲು ಬಳಸಿ.

ಸಿಹಿಗೆ ಏನು ಸೇರಿಸಬೇಕು?

* ಬೀಜ ತೆಗೆದ ಖರ್ಜೂರವನ್ನು ಬಿಸಿ ಹಾಲಿನಲ್ಲಿ ನೆನೆಸಿ ಅರೆದು ಮೊಸರಿಗೆ ಬೆರೆಸಿ. ಸಕ್ಕರೆ ಬೇಕಾಗುವುದಿಲ್ಲ.
* ಕಳಿತ ಬಾಳೆಹಣ್ಣು, ಚಿಕ್ಕು, ಮಾವು ಯಾವುದಾದರೂ ಆದೀತು. ಆಯಾ ಕಾಲದ ಹಣ್ಣು ಅಗ್ಗವೂ ಹೌದು. ಹಣ್ಣನ್ನು ತಿನ್ನುವ ಹೊತ್ತಿಗೇ ಸೇರಿಸಿ.
* ಹಸಿ ಅನಾನಸ್, ಪಪ್ಪಾಯಿ ಬೆರೆಸಿ ಇಟ್ಟರೆ ಅವುಗಳಲ್ಲಿರುವ ಕಿಣ್ವ ಹಾಲಿನ ಪ್ರೊಟೀನನ್ನು ಒಡೆದು ಕಹಿ ಮಾಡುತ್ತದೆ. ಅನಾನಸನ್ನು ಬೇಯಿಸಿ, ತಣಿಸಿ ಸೇರಿಸಬಹುದು.
* ಹಣ್ಣು ಬೆರೆಸಿದ ಗಟ್ಟಿ ಮೊಸರನ್ನು ಪುಟ್ಟ ಲೋಟಕ್ಕೆ ತುಂಬಿ, ಕಡ್ಡಿ ಸಿಕ್ಕಿಸಿ ಫ್ರೀಜರ್‌ನಲ್ಲಿಟ್ಟರೆ ಬೇಸಗೆಯ ಐಸ್‌ಕ್ಯಾಂಡಿ ತಯಾರು.

ಪುಡ್ಡಿಂಗ್ ಆಸೆಗೆ 10 ಗ್ರಾಂ ಚೈನಾ ಗ್ರಾಸ್ ಒಂದು ಲೀಟರ್ ಹಾಲಿಗೆ ಸಾಕು. ತುಂಡರಿಸಿ ನೆನೆಸಿ, ಒಂದು ಲೋಟ ನೀರಿನಲ್ಲಿ ಪೂರ್ತಿ ಕರಗುವವರೆಗೆ ಕುದಿಸಿ, ಬಿಸಿ ಹಾಲಿಗೆ ಸೋಸಿ ಸುರಿಯಿರಿ. ಅದು ಹೊರಗಿಟ್ಟರೂ ಗಟ್ಟಿಯಾಗುತ್ತದೆ. ಆದರೆ ಡಬ್ಬದ ಕಂಡೆನ್ಸ್‌ಡ್ ಮಿಲ್ಕ್ ಸುರಿದರೆ ಉಳಿತಾಯವೂ ಹೋಯಿತು, ಆರೋಗ್ಯವೂ ಹೋಯಿತು. ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಸಕ್ಕರೆಯೇ. ಸಾದಾ ಹಾಲು, ಏಲಕ್ಕಿ, ಅರೆದ ಖರ್ಜೂರ ಹಾಕಿ. ಅಕ್ಕಿಯನ್ನು ನೆನೆಸಿ ತರಿಯಾಗಿ ರುಬ್ಬಿ ಹಾಲಿನಲ್ಲಿ ಬೇಯಿಸಿದ ಫಿರ್ನಿಯೂ ಹೊಟ್ಟೆ ತುಂಬುವ, ಕಡಿಮೆ ಖರ್ಚಿನ ಸಿಹಿ.

ಮಗು ಒಪ್ಪದಿದ್ದರೆ?

ಬಣ್ಣದ ಕಪ್‌ಗೆ ಒಗ್ಗಿದ ನಾಲಿಗೆ ಒಂದೇ ದಿನದಲ್ಲಿ ಬದಲಾಗುವುದಿಲ್ಲ. ಗದರಿಸಿ ಪ್ರಯೋಜನವಿಲ್ಲ. ಮೊದಲ ವಾರ ಅಂಗಡಿಯ ಸಿಹಿ ಮೊಸರಿಗೆ ಅರ್ಧದಷ್ಟು ಮನೆಯ ಮೊಸರು ಬೆರೆಸಿ. ಮುಂದಿನ ವಾರ ಮುಕ್ಕಾಲು. ಮೂರನೆಯ ವಾರ ಮನೆಯ ಮೊಸರಿಗೆ ಹಣ್ಣು ಮಾತ್ರ. ಬಾಳೆಹಣ್ಣು ಕಿವುಚುವ, ಬಟ್ಟಲಿಗೆ ಹೆಸರು ಅಂಟಿಸುವ ಕೆಲಸವನ್ನು ಮಗುವಿಗೇ ಕೊಡಿ. ತಾನೇ ಮಾಡಿದ್ದನ್ನು ಮಕ್ಕಳು ಖುಷಿಯಿಂದ ತಿನ್ನುತ್ತಾರೆ. ಅಂಗಡಿಯ ಕಪ್ ಎಂದಾದರೊಮ್ಮೆ ಈದ್‌ಗೋ ಪ್ರಯಾಣಕ್ಕೋ ಇರಲಿ.

ಶುಚಿತ್ವ ತಪ್ಪಬಾರದು

* ಕೈ, ಪಾತ್ರೆ, ಚಮಚ ತೊಳೆದು ಒಣಗಿಸಿಯೇ ಹೆಪ್ಪು ಹಾಕಿ. ಬೆರಳು ಅದ್ದಿ ಬಿಸಿ ನೋಡುವ ಬದಲು ಪಾತ್ರೆಯ ಹೊರಮೈ ಮುಟ್ಟಿ ನೋಡಿ.
* ಮಗು ತಿಂದ ಚಮಚವನ್ನು ಮತ್ತೆ ದೊಡ್ಡ ಪಾತ್ರೆಗೆ ಅದ್ದಬೇಡಿ.
* ಮೊಸರನ್ನು ಫ್ರಿಜ್‌ನಲ್ಲಿ ಮೂರು ದಿನ, ಹಾಲಿನ ಪುಡ್ಡಿಂಗನ್ನು ಎರಡು ದಿನದೊಳಗೆ ಮುಗಿಸಿ. ಬೂಸ್ಟು ಕಂಡರೆ ಮೇಲ್ಭಾಗ ಮಾತ್ರ ತೆಗೆಯದೆ ಪೂರ್ತಿ ಎಸೆಯಿರಿ. ಬರೀ ಹುಳಿಯಾಗಿದ್ದರೆ ಮಜ್ಜಿಗೆ ಹುಳಿ ಮಾಡಿ.
* ಬೇಸಗೆಯಲ್ಲಿ ಶಾಲೆಯ ಬುತ್ತಿಗೆ ಹಾಲಿನ ಸಿಹಿ ಬೇಡ. ಮನೆಗೆ ಬಂದ ಮೇಲೆ ಕೊಡಿ.

ಪುಟಾಣಿಗಳ ವಿಷಯದಲ್ಲಿ

ಆರು ತಿಂಗಳು ತುಂಬಿ ಮೇಲು ಆಹಾರ ಆರಂಭವಾದ ಮೇಲೆ ಒಂದೆರಡು ಚಮಚ ಸಪ್ಪೆ ಮೊಸರು ಕೊಡಬಹುದು. ಎರಡು ವರ್ಷದವರೆಗೆ ಸಕ್ಕರೆ ಸೇರಿಸಬೇಡಿ. ಒಂದು ವರ್ಷ ತುಂಬದ ಮಗುವಿಗೆ ಜೇನು ಸರ್ವಥಾ ಬೇಡ. ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಬಾದಾಮಿ, ಗೋಡಂಬಿಯನ್ನು ಪುಡಿ ಮಾಡಿಯೇ ಹಾಕಿ, ಇಡೀ ಚೂರು ಗಂಟಲಲ್ಲಿ ಸಿಕ್ಕಬಹುದು. ಹಾಲು, ಮೊಸರು ತಿಂದ ಕೂಡಲೇ ಮೈ ದದ್ದು, ವಾಂತಿ ಕಾಣಿಸಿಕೊಂಡರೆ ಅದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮಿತವ್ಯಯವೆಂದರೆ ಮಕ್ಕಳ ಬಾಯಿ ಕಟ್ಟುವುದಲ್ಲ. ಅದೇ ಹಣದಲ್ಲಿ ಹೆಚ್ಚು ಹಾಲು, ಹೆಚ್ಚು ಹಣ್ಣು ಅವರ ಹೊಟ್ಟೆ ಸೇರುವಂತೆ ಮಾಡುವುದು. ಇಂದು ರಾತ್ರಿ ಹಾಲು ಕಾಯಿಸುವಾಗ ನಾಲ್ಕು ಬಟ್ಟಲು ಹೆಚ್ಚಿಗೆ ತೊಳೆದಿಟ್ಟುಕೊಳ್ಳಿ.