ತಿರುವಿನ ಪರೀಕ್ಷೆ

ಅಮೆರಿಕದ ‘ಮಸಲ್ ಕಾರು’ಗಳು ನೇರ ದಾರಿಯ ಓಟಕ್ಕೆ ಹೆಸರಾದುವು. 2015ರ ಫೋರ್ಡ್ ಮಸ್ಟಾಂಗ್ ಜಿಟಿಯ ಬಲ 435 ಅಶ್ವಶಕ್ತಿ. ತೂಕ ಸುಮಾರು 1,680 ಕಿಲೋಗ್ರಾಂ. ಆದರೆ ‘ಆಟೋಕ್ರಾಸ್’ ಸ್ಪರ್ಧೆಯಲ್ಲಿ ಬಯಲಿನಲ್ಲಿಟ್ಟ ಶಂಕುಗಳ ನಡುವೆ ಬಳಸಿ ಓಡಬೇಕು. ಶಂಕುವೊಂದನ್ನು ಕೆಡವಿದರೆ ಸಾಮಾನ್ಯವಾಗಿ 2 ಸೆಕೆಂಡು ದಂಡ.

ಒಂದೇ ತಿರುವಿನಲ್ಲಿ ವೇಗ ಇಮ್ಮಡಿಯಾದರೆ ಬೇಕಾಗುವ ಹಿಡಿತ ನಾಲ್ಮಡಿಯಾಗುತ್ತದೆ. ಅದನ್ನು ಒದಗಿಸುವುದು ಎಂಜಿನ್ನಲ್ಲ, ಟೈರು. ಆದುದರಿಂದ ಮೊದಲು ಅಗಲವಾದ, ಮೆದು ರಬ್ಬರಿನ ಟೈರುಗಳನ್ನು ತೊಡಿಸುವರು. ಕಾರು ವಾಲಿದಾಗಲೂ ಹೊರಬದಿಯ ಗಾಲಿ ನೆಲಕ್ಕೆ ಸಮನಾಗಿ ಕೂರಲೆಂದು ಮುಂದಿನ ಗಾಲಿಗಳ ಮೇಲ್ತುದಿಯನ್ನು ತುಸು ಒಳಕ್ಕೆ ಬಾಗಿಸುವರು. ಓಲಾಟ ತಡೆಯಲು ಬಿಗಿಯಾದ ಅಡ್ಡ ಸಲಾಕೆಯನ್ನೂ ಶಾಕ್ ಅಬ್ಸಾರ್ಬರುಗಳನ್ನೂ ಜೋಡಿಸುವರು.

ಇಷ್ಟಾದರೂ ತಿರುವಿಗೆ ಮುನ್ನವೇ ವೇಗ ತಗ್ಗಿಸಲರಿಯದ ಚಾಲಕನು ಸೋಲುವನು. ಶಾಲೆಗೆ ಸೈಕಲ್ಲು ತುಳಿದು ಬರುವ ಬಾಲಕರೇ, ನಿಮಗೂ ಇದೇ ನಿಯಮ. ಅಲ್ಲಿ ದಂಡ ಸೆಕೆಂಡುಗಳಲ್ಲಿ ಮುಗಿಯದು.