ಟ್ರೇಲರಿನ ಹೇರಿಗೆ ತಾಡಪತ್ರಿ ಮತ್ತು ಹಗ್ಗಗಳ ಆಯ್ಕೆ

ಸಿಂಧನೂರು ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ನಾಲೆಯ ನೀರಿನಿಂದ ಬೆಳೆದ ಭತ್ತ, ಮಸ್ಕಿ ಮತ್ತು ಲಿಂಗಸುಗೂರು ತಾಲ್ಲೂಕುಗಳ ಕಪ್ಪು ಭೂಮಿಯ ಹತ್ತಿ, ತೊಗರಿ ಮತ್ತು ಕಡಲೆ ಬಹುಮಟ್ಟಿಗೆ ಟ್ರ್ಯಾಕ್ಟರ್ ಟ್ರೇಲರಿನಲ್ಲಿಯೇ ಮಾರುಕಟ್ಟೆ ಸೇರುತ್ತವೆ. ಬೀಜ, ಗೊಬ್ಬರ, ಕೂಲಿಗಳಿಗೆ ಹಣ ಸುರಿದಾದ ಮೇಲೆ ಉಳಿಯುವ ಕೊನೆಯ ಕೆಲಸ ಈ ಸಾಗಾಣಿಕೆ. ಮುಂಗಾರು ಭತ್ತದ ಕೊಯ್ಲು ನವೆಂಬರ್-ಡಿಸೆಂಬರ್ ತಿಂಗಳಲ್ಲಿ ಬರುವುದರಿಂದ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮಳೆಯ ಭಯ ಇದ್ದೇ ಇರುತ್ತದೆ. ಬೇಸಿಗೆ ಭತ್ತದ ಕೊಯ್ಲಿನಲ್ಲಿ, ಅಂದರೆ ಏಪ್ರಿಲ್-ಮೇ ತಿಂಗಳಲ್ಲಿ, ಬಿರುಗಾಳಿಯೊಡನೆ ಹಠಾತ್ತನೆ ಮಳೆ ಸುರಿಯುತ್ತದೆ.

ಬೆಂಬಲ ಬೆಲೆಯ ಖರೀದಿಯಲ್ಲಿ ಭತ್ತದ ತೇವಾಂಶ ಶೇ. 17ನ್ನು ಮೀರುವಂತಿಲ್ಲ. ಹತ್ತಿಗೆ ಶೇ. 8ರ ತೇವಾಂಶವೇ ಆಧಾರ. ಅದಕ್ಕಿಂತ ಹೆಚ್ಚಾದಂತೆ ಬೆಲೆ ಕಡಿತವಾಗುತ್ತದೆ, ಶೇ. 12 ದಾಟಿದರೆ ಭಾರತೀಯ ಹತ್ತಿ ನಿಗಮವು ಕೊಳ್ಳುವುದಿಲ್ಲ. ಆದ್ದರಿಂದ ದಾರಿಯಲ್ಲಿ ಬಿದ್ದ ಒಂದು ಮಳೆಯು ಆರು ತಿಂಗಳ ಶ್ರಮದ ಬೆಲೆಯನ್ನು ಇಳಿಸಬಲ್ಲದು.

ಈ ವಿಷಯದಲ್ಲಿ ರೈತರು ಮೊದಲು ತಿಳಿಯಬೇಕಾದ ಮಾತೊಂದಿದೆ. ಹೇರನ್ನು ಹಿಡಿದಿಡುವುದು ಹಗ್ಗದ ಕೆಲಸ. ನೀರು, ಗಾಳಿ, ಧೂಳನ್ನು ತಡೆಯುವುದು ತಾಡಪತ್ರಿಯ ಕೆಲಸ. ತಾಡಪತ್ರಿ ಹೊದಿಸಿ ಅದರ ಮೇಲಷ್ಟೇ ಹಗ್ಗ ಎಳೆದು ಕಟ್ಟುವ ರೂಢಿಯಲ್ಲಿ ಎರಡು ಕೆಲಸಗಳೂ ಕೆಡುತ್ತವೆ. ಹಗ್ಗ ಉಜ್ಜಿ ತಾಡಪತ್ರಿ ಹರಿಯುತ್ತದೆ. ತಾಡಪತ್ರಿ ಜಾರಿ ಹಗ್ಗ ಸಡಿಲವಾಗುತ್ತದೆ.

ಯಾವ ತಾಡಪತ್ರಿ?

ಪೇಟೆಯಲ್ಲಿ ಮುಖ್ಯವಾಗಿ ಎರಡು ಬಗೆಯವು ದೊರೆಯುತ್ತವೆ.

ಕ್ಯಾನ್ವಾಸ್ ತಾಡಪತ್ರಿಯು ದಪ್ಪ ನೂಲಿನ ಬಟ್ಟೆಗೆ ನೀರು ಹಿಡಿಯದಂತೆ ಲೇಪ ಕೊಟ್ಟದ್ದು. ಭಾರ ಹೆಚ್ಚು, ಬೆಲೆಯೂ ಹೆಚ್ಚು. ಆದರೆ ಗಾಳಿಗೆ ಪಟಪಟನೆ ಬಡಿಯುವುದಿಲ್ಲ. ಒಳಗಿನ ಹಬೆಯನ್ನು ಸ್ವಲ್ಪವಾದರೂ ಹೊರಬಿಡುತ್ತದೆ. ನೆನೆದದ್ದನ್ನು ಒಣಗಿಸದೆ ಮಡಿಸಿಟ್ಟರೆ ಬೂಷ್ಟು ಹಿಡಿದು ಕೊಳೆಯುತ್ತದೆ.

ನೇಯ್ದ ಪ್ಲಾಸ್ಟಿಕ್ ತಾಡಪತ್ರಿ ಹಗುರ, ಅಗ್ಗ, ಕೊಳೆಯುವುದಿಲ್ಲ. ಆದರೆ ರಾಯಚೂರು ಜಿಲ್ಲೆಯ ಬಿಸಿಲಿಗೆ ಬೇಗ ಪೆಡಸಾಗುತ್ತದೆ. ಒಳಗಿನ ಹಬೆಯನ್ನೂ ಹೊರಬಿಡುವುದಿಲ್ಲ. ಹಸಿ ಭತ್ತದ ಮೇಲೆ ಇದನ್ನು ರಾತ್ರಿಯಿಡೀ ಬಿಗಿದರೆ ಕಾಳು ಬಿಸಿಯೇರಿ ಬಣ್ಣ ಕೆಡುವ ಸಂಭವ ಉಂಟು. ಮಳೆ ನಿಂತೊಡನೆ ಒಂದು ಬದಿಯನ್ನಾದರೂ ಎತ್ತಿ ಗಾಳಿಯಾಡಿಸಬೇಕು.

ಪ್ಲಾಸ್ಟಿಕ್ ತಾಡಪತ್ರಿಯನ್ನು ಕೊಳ್ಳುವಾಗ ಐ.ಎಸ್. 7903 ಎಂಬ ಭಾರತೀಯ ಮಾನಕದ ಗುರುತನ್ನು ನೋಡಬೇಕು. ದಪ್ಪವನ್ನು ಒಂದು ಚದರ ಮೀಟರಿನ ತೂಕದಿಂದ ಹೇಳುತ್ತಾರೆ, ಅದೇ ಜಿ.ಎಸ್.ಎಂ. ಇದನ್ನು ರೈತರು ಸುಲಭವಾಗಿ ಪರೀಕ್ಷಿಸಬಹುದು. 8 ಮೀ. ಉದ್ದ, 6 ಮೀ. ಅಗಲದ ಹಾಳೆಯೆಂದರೆ 48 ಚದರ ಮೀಟರ್. ಅದು 250 ಜಿ.ಎಸ್.ಎಂ. ಆಗಿದ್ದರೆ ಸುಮಾರು 12 ಕಿ.ಗ್ರಾಂ. ತೂಗಬೇಕು. 9 ಕಿ.ಗ್ರಾಂ. ಮಾತ್ರ ತೂಗಿದರೆ ಬರೆದ ಅಂಕಿಗೂ ಮಾಲಿಗೂ ಹೊಂದಿಕೆಯಿಲ್ಲವೆಂದೇ ತಿಳಿಯಬೇಕು. ಅಂಚು ಮಡಿಸಿ ಒಳಗೆ ಹಗ್ಗವಿಟ್ಟು ಹೊಲಿದಿರಬೇಕು. ಲೋಹದ ಕಣ್ಣುಗಳು ಸುಮಾರು ಮೂರು ಅಡಿಗೊಂದರಂತೆ ಗಟ್ಟಿಯಾಗಿ ಕೂತಿರಬೇಕು.

ಅಳತೆ ಎಷ್ಟು?

ಟ್ರೇಲರಿನ ಉದ್ದ 11 ಅಡಿ, ಅಗಲ 6 ಅಡಿ ಇದ್ದು, ಪಕ್ಕದ ಹಲಗೆಯ ಮೇಲೆ ಹೇರು 3 ಅಡಿ ಎದ್ದಿದೆ ಎಂದಿಟ್ಟುಕೊಳ್ಳಿ. ಹಲಗೆಯ ಅಂಚಿನಿಂದ ಇನ್ನೂ 1 ಅಡಿ ಕೆಳಗೆ ಇಳಿಯಬೇಕು. ಹಾಗಾದರೆ ಪ್ರತಿ ಬದಿಗೂ 4 ಅಡಿ ಸೇರಿಸಬೇಕು. ಬೇಕಾದ ಹಾಳೆ 19 ಅಡಿ ಉದ್ದ, 14 ಅಡಿ ಅಗಲ. 6 ಮೀ. x 5 ಮೀ. ಹಾಳೆ ಇದಕ್ಕೆ ಸಾಕು. ಅಳತೆ ಮೀರಿದ ಹಾಳೆ ಜೋತುಬಿದ್ದು ಗಾಳಿಗೆ ಬಡಿದು ಹರಿಯುತ್ತದೆ, ಇಲ್ಲವೆ ಗಾಲಿಗೆ ಸಿಕ್ಕುತ್ತದೆ.

ರಾಶಿ ಒಣಗಿಸಲು ಕಣದಲ್ಲಿ ಹಾಸಿದ ತಾಡಪತ್ರಿಯನ್ನೇ ಟ್ರೇಲರಿಗೆ ಹೊದಿಸುವುದು ಒಳ್ಳೆಯದಲ್ಲ. ನೆಲದ ಕೂಳೆ, ಕಲ್ಲುಗಳಿಂದ ಅದರಲ್ಲಿ ಸಣ್ಣ ತೂತುಗಳಾಗಿರುತ್ತವೆ. ಬಿಸಿಲಿಗೆ ಹಿಡಿದು ನೋಡಿದರೆ ಅವು ಚುಕ್ಕೆಗಳಂತೆ ಕಾಣುತ್ತವೆ. ಹಾಸಲು ಒಂದು, ಹೊದಿಸಲು ಒಂದು ಎಂದು ಬೇರೆ ಬೇರೆ ಇಟ್ಟುಕೊಳ್ಳುವುದು ಲೇಸು.

ಹತ್ತಿಗೆ ಪ್ರತ್ಯೇಕ ಎಚ್ಚರಿಕೆ

ಪ್ಲಾಸ್ಟಿಕ್ ತಾಡಪತ್ರಿ, ಚೀಲ ಮತ್ತು ಹಗ್ಗಗಳು ಹಳತಾದಂತೆ ಅವುಗಳ ಎಳೆಗಳು ಬಿಚ್ಚಿ ಹತ್ತಿಯಲ್ಲಿ ಸೇರುತ್ತವೆ. ಈ ಎಳೆಗಳು ಜಿನ್ನಿಂಗಿನಲ್ಲಿ ಚೂರುಚೂರಾಗಿ ಅರಳೆಯಲ್ಲಿ ಬೆರೆತು ನೂಲಿನವರೆಗೂ ಹೋಗುತ್ತವೆ. ಬಣ್ಣ ಹೀರುವುದಿಲ್ಲವಾದ್ದರಿಂದ ಬಟ್ಟೆಯಲ್ಲಿ ಕಲೆಯಾಗಿ ಉಳಿಯುತ್ತವೆ. ಆದುದರಿಂದ ಹತ್ತಿಯನ್ನು ನೂಲಿನ ಬಟ್ಟೆಯ ಅಂಡಿಗೆಗಳಲ್ಲಿ ತುಂಬಿ, ಕ್ಯಾನ್ವಾಸ್ ಹೊದಿಸಿ, ನೂಲಿನ ಹಗ್ಗದಿಂದ ಕಟ್ಟುವುದು ಉತ್ತಮ. ಪ್ಲಾಸ್ಟಿಕ್ ಹೊದಿಸಲೇಬೇಕಾದರೆ ಅದರಡಿಯಲ್ಲಿ ಹಳೆಯ ನೂಲಿನ ಬಟ್ಟೆಯನ್ನು ಹಾಸಬೇಕು.

ಹತ್ತಿ ಹಗುರವೆಂದು ಎತ್ತರಕ್ಕೆ ಹೇರುವುದು ಅಪಾಯಕರ. ಹೇರು ಓಲಾಡಿ ಟ್ರೇಲರ್ ಮಗುಚಬಹುದು, ವಿದ್ಯುತ್ ತಂತಿ ತಗುಲಿ ಬೆಂಕಿ ಹತ್ತಬಹುದು. ತಂತಿಯನ್ನು ಕೋಲಿನಿಂದ ಎತ್ತಿ ದಾಟುವ ಸಾಹಸವನ್ನು ಯಾರೂ ಮಾಡಬಾರದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಹೇರು ಪಕ್ಕಕ್ಕೆ, ಹಿಂದೆ-ಮುಂದೆ ಇಲ್ಲವೆ ಎತ್ತರಕ್ಕೆ ಮಿತಿ ಮೀರಿ ಚಾಚಿದರೆ 20,000 ರೂ. ದಂಡವಿದೆ.

ಹಗ್ಗಗಳ ಗುಣ

ತೆಂಗಿನ ನಾರು ಮತ್ತು ನೂಲಿನ ಹಗ್ಗಗಳಲ್ಲಿ ಗಂಟು ಚೆನ್ನಾಗಿ ನಿಲ್ಲುತ್ತದೆ. ನೆನೆದರೆ ಕುಗ್ಗುತ್ತವೆ, ಒಣಗಿದಾಗ ಸಡಿಲವಾಗುತ್ತವೆ. ನೈಲಾನ್ ಹಗ್ಗ ಬಲವುಳ್ಳದ್ದು, ಆದರೆ ಭಾರಕ್ಕೆ ಹಿಗ್ಗುತ್ತದೆ. ಅಗ್ಗದ ಪ್ಲಾಸ್ಟಿಕ್ ಹಗ್ಗದಲ್ಲಿ ಗಂಟು ಜಾರುತ್ತದೆ, ಬಿಸಿಲಿಗೆ ಎಳೆ ಪುಡಿಯಾಗುತ್ತದೆ. ಪಾಲಿಯೆಸ್ಟರಿನ ಅಗಲ ಪಟ್ಟಿಗೆ ಬಿಗಿಯುವ ಹಿಡಿಕೆ ಜೋಡಿಸಿದ ರ‍್ಯಾಚೆಟ್ ಬೆಲ್ಟು ಹಿಗ್ಗುವುದು ಕಡಿಮೆ, ಬಿಗಿಯುವುದೂ ಸುಲಭ.

ಹಗ್ಗವು ಹರಿಯುವ ಭಾರ ಬೇರೆ, ಹೊರಿಸಬಹುದಾದ ಭಾರ ಬೇರೆ. ಹರಿಯುವ ಭಾರದ ಐದನೆಯ ಒಂದು ಪಾಲಿಗಿಂತ ಹೆಚ್ಚು ಹೊರಿಸಬಾರದು. ಗಂಟು ಬಿದ್ದಲ್ಲಿ ಹಗ್ಗದ ಬಲ ಸುಮಾರು ಅರ್ಧಕ್ಕೆ ಇಳಿಯುವುದೂ ಉಂಟು.

ಕಟ್ಟುವ ಕ್ರಮ

1. ಟ್ರೇಲರಿನ ನೋಂದಣಿ ಪತ್ರದಲ್ಲಿರುವ ಭಾರದ ಮಿತಿ ನೋಡಿ. 75 ಕಿ.ಗ್ರಾಂ. ತೂಗುವ 66 ಚೀಲ ಭತ್ತವೆಂದರೆ 4,950 ಕಿ.ಗ್ರಾಂ.; 5 ಟನ್ ಟ್ರೇಲರಿಗೆ ಅದೇ ಮಿತಿ.

2. ಚೀಲಗಳನ್ನು ಗೋಡೆ ಕಟ್ಟಿದಂತೆ ಸಂದು ತಪ್ಪಿಸಿ ಅಟ್ಟಬೇಕು. ಮೇಲಿನ ಸಾಲುಗಳನ್ನು ಒಳಕ್ಕೆ ಸರಿಸಿ, ನಡುವೆ ಎತ್ತರ ಮಾಡಿದರೆ ನೀರು ನಿಲ್ಲದೆ ಇಳಿದುಹೋಗುತ್ತದೆ.

3. ಮೊದಲು ದಪ್ಪ ಹಗ್ಗ ಅಥವಾ ಬೆಲ್ಟಿನಿಂದ ಹೇರನ್ನು ಅಡ್ಡಲಾಗಿ ಬಿಗಿಯಬೇಕು. ಚಾಸಿಯ ಕೊಂಡಿಗೆ ಕಟ್ಟಬೇಕೇ ಹೊರತು ಕಳಚುವ ಹಲಗೆಗಲ್ಲ. ಹಗ್ಗ ತಾಗುವ ಮೂಲೆಗಳಿಗೆ ಹಳೆಯ ಗೋಣಿಚೀಲ ಮಡಿಸಿಡಬೇಕು.

4. ನಂತರ ತಾಡಪತ್ರಿ. ಎರಡು ಹಾಳೆಗಳಿದ್ದರೆ ಹಿಂದಿನದನ್ನು ಮೊದಲು ಹಾಕಿ, ಮುಂದಿನದರ ಅಂಚನ್ನು ಅದರ ಮೇಲೆ ಹೊದಿಸಬೇಕು. ಆಗ ಓಡುವಾಗಿನ ಗಾಳಿ ಸಂದಿಯೊಳಗೆ ನುಗ್ಗುವುದಿಲ್ಲ. ಹಾಸು ಎರಡು ಮಟ್ಟದಲ್ಲಿರುವ ಉದ್ದ ಟ್ರೇಲರುಗಳಿಗೂ ಇದೇ ಕ್ರಮ. ಮೆಟ್ಟಿಲಿರುವಲ್ಲಿ ಹಾಳೆಯಡಿ ಗೋಣಿಚೀಲ ಇಡಬೇಕು.

5. ಪ್ರತಿ ಕಣ್ಣಿಗೂ ಸಣ್ಣ ಹಗ್ಗ ಕಟ್ಟಬೇಕು. ಹಿಂಬದಿಯ ದೀಪ, ಪ್ರತಿಫಲಕಗಳು ಮುಚ್ಚಿಹೋಗಬಾರದು.

6. ಹೊಲದ ದಾರಿಯ ಕುಲುಕಾಟಕ್ಕೆ ಚೀಲಗಳು ಕುಸಿದು ಹಗ್ಗ ಸಡಿಲವಾಗುತ್ತದೆ. ಡಾಂಬರು ರಸ್ತೆ ಹತ್ತುವ ಮುನ್ನ ನಿಲ್ಲಿಸಿ ಮತ್ತೊಮ್ಮೆ ಬಿಗಿಯಬೇಕು. ಹೇರಿನ ಮೇಲೆ ಜನರನ್ನು ಕೂರಿಸಬಾರದು.

ಕೊಯ್ಲು ಯಂತ್ರ ಸಾಗಿಸುವಾಗ

ಭತ್ತ ಕೊಯ್ಯುವ ಯಂತ್ರಗಳನ್ನು ಲಾರಿಯ ಮೇಲೆ ಊರಿಂದೂರಿಗೆ ಒಯ್ಯುವಾಗ ಹಗ್ಗ ಸಾಲದು, ಸರಪಳಿಯೇ ಬೇಕು. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಯಂತ್ರವು ತನ್ನ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲದಿಂದ ಮುಂದಕ್ಕೆ ನುಗ್ಗಬಹುದು. ಕಟ್ಟಿದ ಸರಪಳಿಗಳ ಒಟ್ಟು ಹೊರೆಶಕ್ತಿ ಯಂತ್ರದ ತೂಕದ ಅರ್ಧಕ್ಕಿಂತ ಕಡಿಮೆ ಇರಲೇಬಾರದು. ತೂಕದಷ್ಟೇ ಇದ್ದರೆ ಒಳಿತು. 4 ಟನ್ ಯಂತ್ರಕ್ಕೆ ಒಂದೊಂದು ಟನ್ನಿನ ನಾಲ್ಕು ಸರಪಳಿಗಳನ್ನು ನಾಲ್ಕು ಮೂಲೆಗಳಿಂದ ಎಳೆದು ಕಟ್ಟಬೇಕು. ಕೊಯ್ಯುವ ಭಾಗವನ್ನು ಮರದ ದಿಮ್ಮಿಯ ಮೇಲಿಳಿಸಿ, ಪಟ್ಟಿಗಳ ಹಿಂದೆ-ಮುಂದೆ ದಿಮ್ಮಿಯ ಅಡ್ಡಗಟ್ಟೆ ಕೊಡಬೇಕು.

ರಕ್ಷಣೆ

ಹಂಗಾಮು ಮುಗಿದೊಡನೆ ತಾಡಪತ್ರಿಯನ್ನು ತೊಳೆದು, ನೆರಳಲ್ಲಿ ಒಣಗಿಸಿ, ಇಲಿಗಳಿಗೆ ಸಿಗದಂತೆ ಇಡಬೇಕು. ಕಾಳು ಅಂಟಿದ್ದರೆ ಇಲಿ ಬಂದೇ ಬರುತ್ತದೆ. ಸಣ್ಣ ತೂತಿಗೆ ಆಗಲೇ ತೇಪೆ ಹಾಕಬೇಕು. ಎಳೆ ಕಿತ್ತ ಹಗ್ಗ, ಅಂಚು ಹರಿದ ಬೆಲ್ಟುಗಳನ್ನು ಹೇರಿಗೆ ಬಳಸದೆ ಬೇರೆ ಕೆಲಸಕ್ಕೆ ಇಟ್ಟುಕೊಳ್ಳಬಹುದು.

ರೈತ ಸಂಪರ್ಕ ಕೇಂದ್ರಗಳ ಮೂಲಕ ಸಹಾಯಧನದಲ್ಲಿ ತಾಡಪತ್ರಿ ವಿತರಿಸುವ ವ್ಯವಸ್ಥೆ ಇದೆ. ಕೊಯ್ಲಿಗೆ ಎರಡು ತಿಂಗಳು ಮೊದಲೇ ವಿಚಾರಿಸುವುದು ಒಳ್ಳೆಯದು. ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆಗಳಲ್ಲಿ ಒಂದು ತಾಡಪತ್ರಿಯನ್ನು ತೂಗಿ ತೋರಿಸಿ, ಒಂದು ಟ್ರೇಲರಿಗೆ ಕಟ್ಟಿ ತೋರಿಸಿದರೆ ರೈತರಿಗೆ ಮನವರಿಕೆಯಾಗುತ್ತದೆ. ಮೊದಲು ಕಟ್ಟು, ನಂತರ ಹೊದಿಕೆ ಎಂಬ ಕ್ರಮವನ್ನು ಪಾಲಿಸಿದರೆ ಹೊಲದಲ್ಲಿ ತೂಗಿದ ಮಾಲು ಅಷ್ಟೇ ತೂಕದಲ್ಲಿ, ಅದೇ ಗುಣದಲ್ಲಿ ಮಾರುಕಟ್ಟೆಯ ಅಂಗಳ ಸೇರುವುದು.