ಡ್ರೋನ್ ಚಿತ್ರದಲ್ಲಿ ರೈಲು ಕಾಮಗಾರಿ: ವರ್ತಕರು ಪ್ರಗತಿಯನ್ನು ಓದುವ ಬಗೆ

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಹಿರಿಯರ ಮಾತು. ಡ್ರೋನ್ ಕ್ಯಾಮೆರಾ ಬಳಕೆಗೆ ಬಂದ ಮೇಲೆ ಈ ಗಾದೆ ವ್ಯಾಪಾರಸ್ಥರಿಗೆ ಹಿಂದೆಂದಿಗಿಂತ ಹೆಚ್ಚು ಅನ್ವಯಿಸುತ್ತಿದೆ. ನೂರಾರು ಮೈಲಿ ದೂರದ ರೈಲು ಸೇತುವೆ ಎಷ್ಟು ಎದ್ದಿದೆ ಎಂಬುದನ್ನು ಅಂಗಡಿಯ ಗಲ್ಲಾದ ಮುಂದೆ ಕುಳಿತೇ ಮೊಬೈಲಿನಲ್ಲಿ ನೋಡಬಹುದಾಗಿದೆ. ನೋಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ನೋಡಿದ ಚಿತ್ರವನ್ನೇ ನಂಬಿ ನಿವೇಶನಕ್ಕೆ ಮುಂಗಡ ಕೊಡುವುದು, ಗೋದಾಮಿಗೆ ಸಾಲ ಪಡೆಯುವುದು, ಗುತ್ತಿಗೆದಾರರಿಗೆ ಉದ್ದರಿ ಹೆಚ್ಚಿಸುವುದು ಬೇರೆಯೇ ಸಂಗತಿ. ಚಿತ್ರವು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಸಿದ್ದಾಪುರ ಭಾಗದ ಅನುಭವ

ಸಿದ್ದಾಪುರ, ಕಾರಟಗಿ, ಗಂಗಾವತಿ ಭಾಗದ ಅಕ್ಕಿ ಗಿರಣಿದಾರರಿಗೆ ರೈಲು ಮಾರ್ಗಕ್ಕಾಗಿ ಕಾಯುವುದು ಹೊಸದೇನಲ್ಲ. ಈ ಭಾಗದಲ್ಲಿ ಹಾದುಹೋಗುವ ಮುನಿರಾಬಾದ್–ಮಹಬೂಬ್‌ನಗರ ಮಾರ್ಗ ಮಂಜೂರಾದದ್ದು 1997–98ರಲ್ಲಿ. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ. ಕಾರಟಗಿಯನ್ನು ದಾಟಿ ಸಿಂಧನೂರನ್ನು ತಲುಪಿದ್ದು 2024ರ ಮಾರ್ಚ್‌ನಲ್ಲಿ. ಇದೇ ಯೋಜನೆಯ ಇನ್ನೊಂದು ತುದಿಯಲ್ಲಿ, ತೆಲಂಗಾಣದ ಜಕ್ಲೇರ್–ಕೃಷ್ಣಾ ನಡುವಿನ 37 ಕಿ.ಮೀ. ಭಾಗ 2023ರ ಅಕ್ಟೋಬರ್ 1ರಂದು ಲೋಕಾರ್ಪಣೆಗೊಂಡಿತು. ಮಂಜೂರಾತಿಯಿಂದ ಸಿಂಧನೂರಿನವರೆಗೆ ಸುಮಾರು 26 ವರ್ಷ ಸಂದವು. ಮಂಜೂರಾತಿಯ ಸುದ್ದಿ ಕೇಳಿ ಹಣ ಹೂಡಿದ ತಂದೆಯ ಲಾಭವನ್ನು ಮಗನು ಎಣಿಸುವಷ್ಟು ಕಾಲವಿದು. ಆದ್ದರಿಂದ ‘ಮಾರ್ಗ ಬರುತ್ತದೆಯೇ?’ ಎಂಬ ಪ್ರಶ್ನೆಗಿಂತ ‘ಎಂದು ಬರುತ್ತದೆ?’ ಎಂಬ ಪ್ರಶ್ನೆಯೇ ವರ್ತಕನಿಗೆ ಮುಖ್ಯ.

ಅಭ್ಯಾಸಕ್ಕೆ ಯೋಗ್ಯ ಉದಾಹರಣೆ

ಈ ಪ್ರಶ್ನೆಯನ್ನು ಡ್ರೋನ್ ಚಿತ್ರದ ಮೂಲಕ ಅಭ್ಯಸಿಸಲು ಮುಂಬಯಿ–ಅಹಮದಾಬಾದ್ ಅತಿವೇಗದ ರೈಲು ಮಾರ್ಗಕ್ಕಿಂತ ಉತ್ತಮ ಉದಾಹರಣೆ ದೇಶದಲ್ಲಿ ಮತ್ತೊಂದಿಲ್ಲ. ಇದರ ಕಾಮಗಾರಿಯ ಚಿತ್ರಗಳನ್ನು ನಿರ್ಮಾಣ ಸಂಸ್ಥೆಯೂ ಹವ್ಯಾಸಿಗಳೂ ಮೇಲಿಂದ ಮೇಲೆ ಪ್ರಕಟಿಸುತ್ತ ಬಂದಿದ್ದಾರೆ. 508 ಕಿ.ಮೀ. ಉದ್ದ, 12 ನಿಲ್ದಾಣಗಳು, ಗಂಟೆಗೆ 320 ಕಿ.ಮೀ. ವೇಗ, ಮಂಜೂರಾದ ಅಂದಾಜು ವೆಚ್ಚ 1 ಲಕ್ಷ 8 ಸಾವಿರ ಕೋಟಿ ರೂಪಾಯಿ. ಶಂಕುಸ್ಥಾಪನೆ ನೆರವೇರಿದ್ದು 2017ರ ಸೆಪ್ಟೆಂಬರ್ 14ರಂದು.

ಮಾರ್ಗದ ಬಹುಪಾಲು ಎತ್ತರದ ಕಂಬಗಳ ಮೇಲೆ ಸಾಗುತ್ತದೆ. ಕಂಬಗಳ ಮೇಲೆ ಕೂರಿಸುವ ಕಾಂಕ್ರೀಟ್ ತೊಲೆಗಳಲ್ಲಿ ಹೆಚ್ಚಿನವು 40 ಮೀಟರ್ ಉದ್ದದವು. ಒಂದೊಂದರ ತೂಕ ಸುಮಾರು 970 ಟನ್. ಅವುಗಳನ್ನು ಅಂಗಳದಲ್ಲಿ ಇಡಿಯಾಗಿ ಎರಕ ಹೊಯ್ದು, ಭಾರೀ ಯಂತ್ರಗಳಿಂದ ಸಾಗಿಸಿ ಕಂಬಗಳ ಮೇಲಿಡಲಾಗುತ್ತದೆ. ಒಂದು ಕಿಲೋಮೀಟರಿಗೆ ಇಂತಹ 25 ತೊಲೆಗಳು ಬೇಕು. ಈ ಒಂದು ಲೆಕ್ಕ ತಿಳಿದರೆ ಚಿತ್ರವು ಕೇವಲ ನೋಟವಾಗಿ ಉಳಿಯದೆ ದಾಖಲೆಯಾಗುತ್ತದೆ. ಹಿಂದಿನ ತಿಂಗಳ ಚಿತ್ರಕ್ಕಿಂತ ಈ ತಿಂಗಳ ಚಿತ್ರದಲ್ಲಿ 50 ತೊಲೆಗಳು ಹೆಚ್ಚಾಗಿ ಕಂಡರೆ ಸೇತುವೆಯು 2 ಕಿ.ಮೀ. ಮುಂದುವರಿದಿದೆ ಎಂದರ್ಥ. ವರ್ಷಾಂತ್ಯದಲ್ಲಿ ಉಗ್ರಾಣದ ಚೀಲಗಳನ್ನು ಎಣಿಸಿ ದಾಸ್ತಾನು ಪುಸ್ತಕದೊಂದಿಗೆ ತಾಳೆ ನೋಡುವ ಕ್ರಮವೂ ಇದೇ.

ಶೇಕಡಾವಾರಿನ ಮೋಸ

ಎಣಿಕೆ ಸರಿಯಾಗಿದ್ದರೂ ತೀರ್ಮಾನ ತಪ್ಪಾಗಬಹುದು. 2025ರ ಮೇ ತಿಂಗಳಲ್ಲಿ ಈ ಯೋಜನೆಯ 300 ಕಿ.ಮೀ. ಮೇಲ್ಸೇತುವೆ ಪೂರ್ಣಗೊಂಡಿತು. 508ರಲ್ಲಿ 300 ಎಂದರೆ ಶೇ. 59. ಹಾಗಾದರೆ ಯೋಜನೆಯೂ ಶೇ. 59 ಮುಗಿದಂತಾಯಿತೇ? ಖಂಡಿತ ಇಲ್ಲ. ಸೇತುವೆಯ ಮೇಲೆ ಹಳಿಯ ಹಾಸು, ಹಳಿ, ವಿದ್ಯುತ್ ಕಂಬ ಮತ್ತು ತಂತಿ, ಸಂಕೇತ ವ್ಯವಸ್ಥೆ, ನಿಲ್ದಾಣ, ದುರಸ್ತಿ ಡಿಪೋ ಇವೆಲ್ಲ ಬರಬೇಕು. ಮುಂಬಯಿ ಭಾಗದಲ್ಲಿ 21 ಕಿ.ಮೀ. ಸುರಂಗವಿದ್ದು, ಅದರಲ್ಲಿ ಸುಮಾರು 7 ಕಿ.ಮೀ. ಠಾಣೆ ಖಾರಿಯ ನೀರಿನಡಿಯಲ್ಲಿ ಸಾಗುತ್ತದೆ. ಆಕಾಶದ ಕ್ಯಾಮೆರಾಕ್ಕೆ ನೆಲದೊಳಗಿನ ಸುರಂಗ ಕಾಣದು. ಉದ್ದದಲ್ಲಿ ಅಲ್ಪವೆನಿಸುವ ಆ ಭಾಗವೇ ಕಾಲದ ದೃಷ್ಟಿಯಿಂದ ಅತಿ ದೀರ್ಘವಾದದ್ದು.

ಭೂಮಿಯ ವಿಷಯವೂ ಹಾಗೆಯೇ. ಯೋಜನೆಗೆ ಬೇಕಾದ ಸುಮಾರು 1,390 ಹೆಕ್ಟೇರ್ ಭೂಮಿಯ ಸ್ವಾಧೀನ ಪೂರ್ಣವಾದದ್ದು 2024ರ ಜನವರಿಯಲ್ಲಿ. ಅಂದರೆ ಶಂಕುಸ್ಥಾಪನೆಯಾಗಿ ಆರು ವರ್ಷಗಳ ಮೇಲೆ. ಅಷ್ಟರಲ್ಲಿ ಮೊದಲು ಹೇಳಲಾಗಿದ್ದ 2022 ಮತ್ತು 2023ರ ಗಡುವುಗಳು ಕಳೆದುಹೋಗಿದ್ದವು. 2025ರಲ್ಲಿ ಪ್ರಕಟವಾದ ಗುರಿಯಂತೆ ಸೂರತ್ ಭಾಗದ ಮೊದಲ ಹಂತಕ್ಕೆ 2027ರ ಆಗಸ್ಟ್ ಎಂದು ಹೇಳಲಾಯಿತು. ಗುಜರಾತಿನಲ್ಲಿ ಸಾಲುಸಾಲಾಗಿ ಎದ್ದ ಕಂಬಗಳ ಚಿತ್ರವನ್ನು ಮಾತ್ರ ನೋಡಿದವರಿಗೆ ಮಹಾರಾಷ್ಟ್ರದ ಭೂಮಿ ಇನ್ನೂ ಕೈಸೇರಿಲ್ಲವೆಂಬ ಸುಳಿವು ದೊರೆಯುತ್ತಿರಲಿಲ್ಲ. ಮಾರ್ಗವೆಂಬುದು ಸರಪಳಿ ಇದ್ದಂತೆ. ನೂರು ಕೊಂಡಿಗಳಲ್ಲಿ ತೊಂಬತ್ತೊಂಬತ್ತು ಸಿದ್ಧವಾಗಿದ್ದರೂ ಉಳಿದೊಂದು ಕೊಂಡಿ ಸೇರುವ ತನಕ ಅದು ಭಾರವನ್ನು ಎಳೆಯದು.

ಚಿತ್ರವನ್ನು ಓದುವ ಕ್ರಮ

ಇಷ್ಟರಿಂದ ಕೆಲವು ನಿಯಮಗಳು ಸಿದ್ಧವಾಗುತ್ತವೆ.

ಮೊದಲನೆಯದು, ದಿನಾಂಕ ಮತ್ತು ಸ್ಥಳ. ಚಿತ್ರವನ್ನು ಪ್ರಕಟಿಸಿದ ದಿನವೇ ಚಿತ್ರೀಕರಿಸಿದ ದಿನವಲ್ಲ. ಹೊಲದಲ್ಲಿ ಭತ್ತದ ನಾಟಿಯಿದೆಯೋ ಕೊಯ್ಲಿನ ಕೂಳೆಯಿದೆಯೋ, ಕಾಲುವೆಯಲ್ಲಿ ನೀರಿದೆಯೋ ಇಲ್ಲವೋ ಎಂಬುದರಿಂದಲೂ ಕಾಲವನ್ನು ಊಹಿಸಬಹುದು. ಒಂದೇ ಸ್ಥಳವನ್ನು ಒಂದೇ ಎತ್ತರದಿಂದ, ಒಂದೇ ದಿಕ್ಕಿನಿಂದ ತೆಗೆದ ಎರಡು ಚಿತ್ರಗಳಿದ್ದರೆ ಮಾತ್ರ ಹೋಲಿಕೆ ಸಾಧ್ಯ.

ಎರಡನೆಯದು, ಆದ ಕೆಲಸಕ್ಕಿಂತ ಆಗದ ಕೆಲಸವನ್ನು ಹುಡುಕಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಪ್ರದೇಶದಲ್ಲಿ ವಿತರಣಾ ಕಾಲುವೆಗಳು, ರಸ್ತೆ ಕೆಳಸೇತುವೆಗಳು ಅನೇಕ. ಎರೆಮಣ್ಣು ನೀರುಂಡರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅಂತಹ ನೆಲದಲ್ಲಿ ಏರಿಯ ತಳವನ್ನು ಬಲಪಡಿಸದೆ ಹಳಿ ಹಾಕಲಾಗದು. ಏರಿ ಉದ್ದಕ್ಕೂ ಕಂಡು ನಡುವೆ ಒಂದು ಸೇತುವೆ ಕಾಣದಿದ್ದರೆ ಆ ಒಂದು ಸೇತುವೆಯ ಕಾಲವೇ ಇಡೀ ಮಾರ್ಗದ ಕಾಲ.

ಮೂರನೆಯದು, ಕಾಣದಿರುವುದನ್ನು ದಾಖಲೆಯಿಂದ ತಿಳಿಯಬೇಕು. ಅಡಿಪಾಯದ ಆಳ, ಮಣ್ಣಿನ ಬಿಗುವು, ಕಾಂಕ್ರೀಟಿನ ಗಟ್ಟಿತನ, ನ್ಯಾಯಾಲಯದಲ್ಲಿರುವ ಪರಿಹಾರದ ವ್ಯಾಜ್ಯ ಇವು ಯಾವ ಕ್ಯಾಮೆರಾಕ್ಕೂ ಸಿಗುವುದಿಲ್ಲ. ರೈಲ್ವೆಯ ‘ಪಿಂಕ್ ಬುಕ್’ ಎಂದೇ ಹೆಸರಾದ ವಾರ್ಷಿಕ ಕಾಮಗಾರಿ ಪಟ್ಟಿಯಲ್ಲಿ ಪ್ರತಿ ಯೋಜನೆಯ ಅಂದಾಜು ವೆಚ್ಚ, ಈವರೆಗಿನ ವೆಚ್ಚ ಮತ್ತು ಆ ವರ್ಷದ ಅನುದಾನ ಮುದ್ರಿತವಾಗಿರುತ್ತವೆ. ಬಾಕಿ ವೆಚ್ಚವನ್ನು ವರ್ಷದ ಅನುದಾನದಿಂದ ಭಾಗಿಸಿದರೆ ಹಣದ ಹರಿವಿನಂತೆ ಎಷ್ಟು ವರ್ಷ ಬೇಕೆಂಬ ಸ್ಥೂಲ ಅಂದಾಜು ದೊರೆಯುತ್ತದೆ. ಚಿತ್ರವು ಆರು ತಿಂಗಳೆಂದು ತೋರಿಸಿ ಅನುದಾನವು ಮೂರು ವರ್ಷವೆಂದು ತೋರಿಸಿದರೆ, ಮೂರು ವರ್ಷವನ್ನೇ ನಂಬುವುದು ಕ್ಷೇಮ.

ನಾಲ್ಕನೆಯದು, ಯಾರು ತೋರಿಸುತ್ತಿದ್ದಾರೆ ಎಂಬುದನ್ನು ಗಮನಿಸಬೇಕು. ನಿರ್ಮಾಣ ಸಂಸ್ಥೆ ತನ್ನ ಸಾಧನೆಯನ್ನು ತೋರಿಸುತ್ತದೆ. ನಿವೇಶನದ ದಲ್ಲಾಳಿ ತನ್ನ ಬಡಾವಣೆಗೆ ಸಮೀಪವಿರುವ ಏರಿಯನ್ನು ತೋರಿಸುತ್ತಾನೆ. ಸ್ವಂತ ಹಿತಾಸಕ್ತಿ ಇರುವವರ ಸಾಕ್ಷ್ಯಕ್ಕೆ ಬೇರೊಂದು ಆಧಾರ ಬೇಕೆಂಬುದು ಲೆಕ್ಕ ಪರಿಶೋಧನೆಯ ಮೂಲ ಪಾಠ.

ಹಳಿ ಬಿದ್ದ ಮೇಲಿನ ಹಂತಗಳು

ಹಳಿ ಕಂಡೊಡನೆ ರೈಲು ಬಂದಂತಲ್ಲ. 1989ರ ರೈಲ್ವೆ ಕಾಯ್ದೆಯಂತೆ ಹೊಸ ಮಾರ್ಗದಲ್ಲಿ ಪ್ರಯಾಣಿಕರ ಸಂಚಾರ ಆರಂಭಿಸುವ ಮುನ್ನ ತಪಾಸಣೆ ನಡೆದು ಅನುಮತಿ ದೊರೆಯಬೇಕು. ಈ ತಪಾಸಣೆ ನಡೆಸುವ ರೈಲ್ವೆ ಸುರಕ್ಷತಾ ಆಯುಕ್ತರು ನಾಗರಿಕ ವಿಮಾನಯಾನ ಸಚಿವಾಲಯದ ಅಧೀನದಲ್ಲಿರುವುದರಿಂದ ಅವರ ವರದಿ ಸ್ವತಂತ್ರವಾದದ್ದು. ವರ್ತಕನ ಪಾಲಿಗೆ ಇದು ಡ್ರೋನ್ ಚಿತ್ರಕ್ಕಿಂತ ನೂರು ಪಟ್ಟು ಬಲವಾದ ಸಾಕ್ಷ್ಯ.

ಅನಂತರವೂ ಒಂದು ಎಚ್ಚರಿಕೆ ಅಗತ್ಯ. ಪ್ರಯಾಣಿಕರ ರೈಲು ಬಂದ ದಿನವೇ ಅಕ್ಕಿಯ ಚೀಲ ರೈಲೇರುತ್ತದೆ ಎಂದೇನಿಲ್ಲ. ಸರಕು ನಿರ್ವಹಣೆಗೆ ಪ್ರತ್ಯೇಕ ಹಳಿ, ಕಟ್ಟೆ, ಲಾರಿ ಓಡಾಡುವ ರಸ್ತೆ, ಅಧಿಕೃತ ಪ್ರಕಟಣೆ ಬೇಕು. 42 ಮುಚ್ಚಿದ ಬೋಗಿಗಳ ಒಂದು ಪೂರ್ಣ ರೇಕ್ ಎರಡೂವರೆ ಸಾವಿರ ಟನ್ನಿಗೂ ಹೆಚ್ಚು ಸರಕನ್ನು ಒಯ್ಯುತ್ತದೆ. ಲಾರಿಯೊಂದಕ್ಕೆ 25 ಟನ್ನಿನಂತೆ ಇದು ನೂರಕ್ಕೂ ಮಿಕ್ಕಿದ ಲಾರಿಗಳ ಭಾರ. ಒಂದೇ ಗಿರಣಿಗೆ ಇದನ್ನು ತುಂಬಿಸುವುದು ಕಷ್ಟ. ಹಲವು ಗಿರಣಿದಾರರು ಒಗ್ಗೂಡಿದರೆ ಮಾತ್ರ ರೈಲಿನ ಅಗ್ಗದ ಬಾಡಿಗೆ ಕೈಗೆಟಕುತ್ತದೆ. ಈ ಒಗ್ಗಟ್ಟಿನ ತಯಾರಿಯನ್ನು ಹಳಿ ಬೀಳುವ ಮುನ್ನವೇ ಆರಂಭಿಸಬಹುದು. ಇದಕ್ಕೆ ಬಡ್ಡಿ ತೆರಬೇಕಾಗಿಲ್ಲ.

ವಿಳಂಬದ ಬೆಲೆ

ಗಿರಣಿದಾರರೊಬ್ಬರು ಡ್ರೋನ್ ಚಿತ್ರವನ್ನು ನಂಬಿ ಹೊಸ ನಿಲ್ದಾಣದ ಬಳಿ 50 ಲಕ್ಷ ರೂಪಾಯಿ ಸಾಲದಿಂದ ಗೋದಾಮು ಕಟ್ಟಲು ಹೊರಟರೆಂದು ಭಾವಿಸೋಣ. ಬಡ್ಡಿ ಶೇ. 10. ಮಾರ್ಗವು ಎರಡು ವರ್ಷ ತಡವಾದರೆ, ಬಡ್ಡಿಯನ್ನು ಅಸಲಿಗೆ ಸೇರಿಸುತ್ತ ಹೋದಾಗ ಹೊರೆ 10 ಲಕ್ಷ 50 ಸಾವಿರ ರೂಪಾಯಿ. ಆದಾಯ ಶೂನ್ಯ.

ತೆರಿಗೆಯ ಪರಿಣಾಮವನ್ನೂ ಗಮನಿಸಬೇಕು. ಆಸ್ತಿಯು ಬಳಕೆಗೆ ಬರುವ ತನಕದ ಬಡ್ಡಿಯನ್ನು ಆಯಾ ವರ್ಷದ ಖರ್ಚೆಂದು ಲಾಭದಿಂದ ಕಳೆಯಲು ಬರುವುದಿಲ್ಲ. ಅದು ಆಸ್ತಿಯ ಮೌಲ್ಯಕ್ಕೆ ಸೇರುತ್ತದೆ. ಸವಕಳಿಯೂ ಬಳಕೆ ಆರಂಭವಾದ ಮೇಲೆಯೇ. ಸ್ವಂತಕ್ಕಾಗಿ ಕಟ್ಟಿದ ಕಟ್ಟಡದ ಮೇಲೆ ತೆತ್ತ ಸರಕು ಮತ್ತು ಸೇವಾ ತೆರಿಗೆಗೆ, ಕಾಯ್ದೆಯ 17(5)ನೇ ಕಲಮಿನಂತೆ, ಇನ್‌ಪುಟ್ ಕ್ರೆಡಿಟ್ ಸಾಮಾನ್ಯವಾಗಿ ದೊರೆಯುವುದಿಲ್ಲ. ಹೀಗೆ ಅವಸರದ ಹೂಡಿಕೆಯು ಮೂರು ಕಡೆಯಿಂದಲೂ ಕೈಕಚ್ಚುತ್ತದೆ. ನಿವೇಶನವನ್ನು ಕೊಳ್ಳುವ ಬದಲು ಅಲ್ಪ ಮೊತ್ತ ಕೊಟ್ಟು, ನೋಂದಾಯಿತ ಕರಾರಿನ ಮೂಲಕ ನಿಗದಿತ ಅವಧಿಯೊಳಗೆ ಕೊಳ್ಳುವ ಹಕ್ಕನ್ನು ಕಾಯ್ದಿರಿಸಿಕೊಂಡರೆ ನಷ್ಟಕ್ಕೆ ಮಿತಿ ಇರುತ್ತದೆ.

ಸರಬರಾಜುದಾರರಿಗೆ ಪ್ರಯೋಜನ

ಡ್ರೋನ್ ಚಿತ್ರದ ನಿಜವಾದ ಉಪಯೋಗ ಬಹುಶಃ ಹೂಡಿಕೆಗಿಂತ ವಸೂಲಿಯಲ್ಲಿದೆ. ಜಲ್ಲಿ, ಸಿಮೆಂಟ್ ಇಟ್ಟಿಗೆ, ಕಬ್ಬಿಣದ ಸಾಮಾನು, ಬೇಲಿ ಕಂಬ ಒದಗಿಸುವ ಸಣ್ಣ ಉದ್ಯಮಿಯು ಗುತ್ತಿಗೆದಾರನ ಮಾತಿನೊಂದಿಗೆ ಚಿತ್ರವನ್ನೂ ತಾಳೆ ನೋಡಬೇಕು. ಎರಡು ತಿಂಗಳ ಚಿತ್ರಗಳಲ್ಲಿ ಯಂತ್ರಗಳು ನಿಂತಲ್ಲೇ ನಿಂತಿದ್ದರೆ, ಜಲ್ಲಿಯ ರಾಶಿ ಕರಗದಿದ್ದರೆ, ಕಾಮಗಾರಿ ನಿಂತಿದೆ. ಕಾಮಗಾರಿ ನಿಂತಲ್ಲಿ ಬಿಲ್ಲೂ ನಿಲ್ಲುತ್ತದೆ. ಉದ್ದರಿಯನ್ನು ಬಿಗಿಗೊಳಿಸಲು ಅದೇ ಸಕಾಲ. ನೋಂದಾಯಿತ ಅತಿಸಣ್ಣ ಮತ್ತು ಸಣ್ಣ ಉತ್ಪಾದಕರಿಗೆ 2006ರ ಕಾಯ್ದೆಯ ರಕ್ಷಣೆ ಇದೆ. ಲಿಖಿತ ಕರಾರು ಇದ್ದರೂ ಪಾವತಿಯ ಅವಧಿ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಗೆ ಹಕ್ಕಿದೆ.

ಸ್ವತಃ ಡ್ರೋನ್ ಹಾರಿಸುವವರಿಗೆ

ಮಾರ್ಗವನ್ನು ತಾವೇ ಚಿತ್ರೀಕರಿಸಲು ಬಯಸುವವರು 2021ರ ಆಗಸ್ಟ್ 25ರಂದು ಜಾರಿಗೆ ಬಂದ ಡ್ರೋನ್ ನಿಯಮಗಳನ್ನು ತಿಳಿದಿರಬೇಕು. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಹಾರಿಸಲು ಪೂರ್ವಾನುಮತಿ ಬೇಡ. ಹಳದಿ ಮತ್ತು ಕೆಂಪು ವಲಯಗಳಲ್ಲಿ ಬೇಕು. ವಲಯವನ್ನು ಸರಕಾರದ ವಾಯುಪ್ರದೇಶ ನಕ್ಷೆಯಲ್ಲಿ ಮೊದಲೇ ನೋಡಿಕೊಳ್ಳಬೇಕು. 250 ಗ್ರಾಮಿಗಿಂತ ಹೆಚ್ಚು ತೂಕದ ಡ್ರೋನನ್ನು ವಾಣಿಜ್ಯ ಕಾರ್ಯಕ್ಕೆ ಬಳಸುವವರಿಗೆ ಚಾಲಕ ಪ್ರಮಾಣಪತ್ರ ಅವಶ್ಯ. ರೈಲ್ವೆ ಜಾಗದೊಳಗೆ ಅನುಮತಿಯಿಲ್ಲದೆ ಕಾಲಿಡುವುದು ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಅಪರಾಧ.

ಸಾರಾಂಶ

ಡ್ರೋನ್ ಚಿತ್ರವು ಸುಳ್ಳು ಸಾಕ್ಷಿಯಲ್ಲ, ಆದರೆ ಅಪೂರ್ಣ ಸಾಕ್ಷಿ. ನೆಲದ ಮೇಲಿನ ಕೆಲಸವನ್ನು ಅದು ತೋರಿಸುತ್ತದೆ. ಹಣ, ಭೂಮಿ ಮತ್ತು ಅನುಮತಿಗಳ ಸ್ಥಿತಿಯನ್ನು ತೋರಿಸದು. ಆದ್ದರಿಂದ ಹೂಡಿಕೆಯನ್ನು ಹಂತಗಳಾಗಿ ವಿಂಗಡಿಸುವುದು ಒಳಿತು. ಏರಿ ಕಂಡಾಗ ವಿಚಾರಣೆ, ಎಲ್ಲ ಸೇತುವೆಗಳು ಕೂಡಿದಾಗ ನಿವೇಶನದ ಕರಾರು, ಸುರಕ್ಷತಾ ತಪಾಸಣೆ ಮುಗಿದಾಗ ಸಾಲದ ಅರ್ಜಿ, ಸರಕು ನಿರ್ವಹಣೆಯ ಪ್ರಕಟಣೆ ಬಂದಾಗ ಕಟ್ಟಡ. ಈ ಕ್ರಮದಲ್ಲಿ ನಡೆದವರು ಕೆಲವು ತಿಂಗಳು ತಡವಾಗಬಹುದು. ಆದರೆ ಬಾರದ ರೈಲಿಗಾಗಿ ಬಡ್ಡಿ ಕಟ್ಟುತ್ತ ಕೂರುವ ಪ್ರಮೇಯ ಅವರಿಗೆ ಒದಗುವುದಿಲ್ಲ.